ಚಕ್ರ ಉರುಳಿದರಷ್ಟೇ ಕೂಲಿ

ದೂರದೂರಿಗೆ ಲಾರಿ ಓಡಿಸುವವನ ಸಂಬಳ ಎಷ್ಟು ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. ತಿಂಗಳಿಗೆ ಇಷ್ಟು, ಟ್ರಿಪ್ಪಿಗೆ ಬಾಟಾ ಇಷ್ಟು, ದಾರಿ ಖರ್ಚಿಗೆ ಕೊಟ್ಟದ್ದರಲ್ಲಿ ಉಳಿದರೆ ಅದಿಷ್ಟು ಎಂದು ಲೆಕ್ಕ ಮೂರ್ನಾಲ್ಕು ಕವಲಾಗಿ ಒಡೆಯುತ್ತದೆ. ಎಲ್ಲವನ್ನೂ ಕೂಡಿಸಿ ಒಂದು ಮೊತ್ತ ಹೇಳಿದರೆ ಕೇಳಿದವರಿಗೆ ಅದು ಅಷ್ಟೇನೂ ಕಡಿಮೆ ಅನ್ನಿಸದಿರಬಹುದು. ಹೊಲದ ಕೂಲಿಗಿಂತ ಹೆಚ್ಚು, ಗಾರ್ಮೆಂಟ್ಸ್ ಕಾರ್ಖಾನೆಯ ಸಂಬಳಕ್ಕಿಂತ ಹೆಚ್ಚು, ಇನ್ನೇನು ತಕರಾರು ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಕೂಲಿಯ ನ್ಯಾಯ ಮೊತ್ತವೊಂದರಲ್ಲೇ ಇಲ್ಲ. ಆ ಮೊತ್ತ ಎಷ್ಟು ಗಂಟೆಯ ದುಡಿಮೆಗೆ ಬಂತು, ದುಡಿದ ಗಂಟೆಗಳಲ್ಲಿ ಎಷ್ಟು ಲೆಕ್ಕಕ್ಕೆ ಸೇರಿದವು, ಎಷ್ಟು ಸೇರಲೇ ಇಲ್ಲ ಎಂಬುದನ್ನೂ ನೋಡಬೇಕು. ಹಾಗೆ ನೋಡಿದರೆ ನಮ್ಮ ಸರಕು ಸಾಗಣೆಯ ಇಡೀ ವ್ಯವಸ್ಥೆ ಚಾಲಕನ ಕೂಲಿಯಿಲ್ಲದ ಸಮಯದ ಮೇಲೆ ನಿಂತಿರುವುದು ಕಾಣುತ್ತದೆ. ಸಾಗಣೆ ಅಗ್ಗವಾಗಿರುವುದಕ್ಕೂ ಹೆದ್ದಾರಿ ಅಪಾಯಕಾರಿಯಾಗಿರುವುದಕ್ಕೂ ಇದೊಂದು ಮುಖ್ಯ ಕಾರಣ.

ಕೂಲಿ ಕೊಡುವ ಬಗೆಗಳನ್ನೇ ಮೊದಲು ನೋಡೋಣ. ಕೆಲವು ಮಾಲೀಕರು ಒಂದಿಷ್ಟು ತಿಂಗಳ ಸಂಬಳ ಗೊತ್ತುಮಾಡಿ ಅದರ ಮೇಲೆ ಬಾಟಾ ಕೊಡುತ್ತಾರೆ. ಕೆಲವರಲ್ಲಿ ಸಂಬಳವೇ ಇಲ್ಲ, ಪೂರ್ತಿ ಟ್ರಿಪ್ ಲೆಕ್ಕ. ಇನ್ನು ಕೆಲವರು ಬಾಡಿಗೆಯಲ್ಲಿ ಶೇಕಡಾವಾರು ಪಾಲು ಕೊಡುತ್ತಾರೆ. ಡೀಸೆಲ್, ಊಟ, ದಾರಿಯ ಸಣ್ಣಪುಟ್ಟ ಖರ್ಚು ಎಲ್ಲ ಸೇರಿಸಿ ಒಂದು ಗಂಟು ಹಣ ಕೈಗಿಟ್ಟು, ‘ಉಳಿಸಿದ್ದು ನಿನ್ನದು, ಮೀರಿದ್ದೂ ನಿನ್ನದು’ ಎನ್ನುವ ಪದ್ಧತಿಯೂ ಇದೆ. ಹೆಸರು ಬೇರೆಯಾದರೂ ತತ್ವ ಒಂದೇ: ಲಾರಿ ಓಡಿದರೆ ದುಡ್ಡು, ನಿಂತರೆ ಇಲ್ಲ. ತಿಂಗಳಿಗೆ ನಾಲ್ಕು ಟ್ರಿಪ್ ಆದರೆ ಮನೆ ನಡೆಯುತ್ತದೆ. ಲೋಡ್ ಸಿಗದೆ ಎರಡಕ್ಕೆ ಇಳಿದರೆ ಸಾಲ. ಮಾರುಕಟ್ಟೆ ಮಂದವಾದಾಗ, ಮಳೆಗೆ ಘಾಟಿ ರಸ್ತೆ ಕುಸಿದಾಗ, ಲಾರಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ನಿಂತಾಗ ಆಗುವ ನಷ್ಟದ ಒಂದು ಪಾಲನ್ನು, ಬಂಡವಾಳ ಹಾಕದ, ಲಾಭದಲ್ಲಿ ಪಾಲಿಲ್ಲದ ಚಾಲಕನೂ ಹೊರುತ್ತಾನೆ. ವ್ಯಾಪಾರದ ಅಪಾಯ ಅವನದು, ವ್ಯಾಪಾರ ಮಾತ್ರ ಬೇರೆಯವರದು.

ಲಾರಿ ನಿಂತಿದೆ ಎಂದ ಮಾತ್ರಕ್ಕೆ ಚಾಲಕ ಬಿಡುವಾಗಿದ್ದಾನೆ ಎಂದಲ್ಲ. ಕಾರ್ಖಾನೆಯ ಗೇಟಿನ ಮುಂದೆ ಲೋಡಿಂಗ್‌ಗೆ ಸರದಿ ಕಾಯಬೇಕು. ತೂಕ ಹಾಕಿಸಬೇಕು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯಬೇಕು, ಬಿಲ್ಟಿ ಮತ್ತು ಇ-ವೇ ಬಿಲ್ ನೋಡಿಕೊಳ್ಳಬೇಕು. ಬೆಂಗಳೂರಿನಂಥ ನಗರಗಳಲ್ಲಿ ಹಗಲು ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ನೆಲಮಂಗಲ, ಹೊಸಕೋಟೆಯ ಕಡೆ ಹೊರವಲಯದಲ್ಲಿ ಕತ್ತಲಾಗುವುದನ್ನು ಕಾಯಬೇಕು. ಗೋದಾಮು ತಲುಪಿದ ಮೇಲೆ ‘ಇವತ್ತು ಹಮಾಲರಿಲ್ಲ, ನಾಳೆ ಬಾ’ ಎಂಬ ಮಾತು ಕೇಳಬೇಕು. ಖಾಲಿಯಾದ ಮೇಲೆ ರಿಟರ್ನ್ ಲೋಡ್‌ಗಾಗಿ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಮತ್ತೆ ಒಂದೋ ಎರಡೋ ದಿನ. ರಾತ್ರಿ ಮಲಗುವುದೂ ಕ್ಯಾಬಿನ್ನಿನಲ್ಲೇ. ಅದು ನಿದ್ದೆಯೂ ಹೌದು, ಕಾವಲೂ ಹೌದು. ಡೀಸೆಲ್ ಕಳವಾದರೆ, ಸ್ಟೆಪ್ನಿ ಕಾಣೆಯಾದರೆ, ಮೂಟೆ ಕಡಿಮೆ ಬಂದು ‘ಶಾರ್ಟೇಜ್’ ಬಿದ್ದರೆ ಮುರಿದುಕೊಳ್ಳುವುದು ಹೆಚ್ಚಾಗಿ ಅವನ ಲೆಕ್ಕದಲ್ಲೇ. ಒಂದು ಗೋದಾಮಿಗೆ ರಾತ್ರಿ ಕಾವಲುಗಾರನನ್ನು ಇಟ್ಟರೆ ಅವನಿಗೆ ಪಗಾರ ಕೊಡಬೇಕಾಗುತ್ತದೆ. ಚಕ್ರದ ಮೇಲಿರುವ ಗೋದಾಮಿನ ಕಾವಲು ಮಾತ್ರ ಪುಕ್ಕಟೆ. ಲಾರಿ ಹೆಚ್ಚು ದಿನ ಕಾದರೆ ಹಾಲ್ಟಿಂಗ್ ಚಾರ್ಜ್ ಕೇಳುವ ರೂಢಿ ಸಾಗಣೆ ವ್ಯಾಪಾರದಲ್ಲಿ ಇಲ್ಲದಿಲ್ಲ. ಆದರೆ ಅದು ಲಾರಿ ಕಾದದ್ದಕ್ಕೆ ಬರುವ ಬಾಡಿಗೆ. ಲಾರಿಯೊಳಗೆ ಕಾದ ಮನುಷ್ಯನಿಗೆ ಅದರಲ್ಲಿ ಪಾಲಿದೆ ಎಂಬ ಖಾತರಿಯಿಲ್ಲ.

ಗಂಟೆಗಳ ಲೆಕ್ಕ

ಓಡಿಸುವ ಗಂಟೆಗಳಾದರೂ ಎಷ್ಟು? ಸೇವ್‌ಲೈಫ್ ಫೌಂಡೇಶನ್ ಹತ್ತು ನಗರಗಳ ಚಾಲಕರನ್ನು ಮಾತಾಡಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರು ದಿನಕ್ಕೆ ಸರಾಸರಿ 12 ಗಂಟೆ ಲಾರಿ ಓಡಿಸಿ 417 ಕಿ.ಮೀ. ಕ್ರಮಿಸುತ್ತಿದ್ದರು. ದಣಿವು, ತೂಕಡಿಕೆ ಇದ್ದರೂ ಓಡಿಸುತ್ತೇವೆ ಎಂದವರು ಹತ್ತಿರ ಹತ್ತಿರ ಅರ್ಧದಷ್ಟು. ಆ 417 ಕಿ.ಮೀ.ಯನ್ನು 12 ಗಂಟೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 35 ಕಿ.ಮೀ. ವೇಗ ಬರುತ್ತದೆ. ಅಂದರೆ ದಿನಕ್ಕೆ ಎಂಟೇ ಗಂಟೆ ಓಡಿಸುವವನು ಸುಮಾರು 280 ಕಿ.ಮೀ. ಮಾತ್ರ ಹೋಗಬಲ್ಲ. ಕೂಲಿ ದೂರಕ್ಕೆ ಕಟ್ಟಿರುವುದರಿಂದ, ಎಂಟು ಗಂಟೆಗೆ ಕೈ ತೊಳೆದುಕೊಳ್ಳುವ ಚಾಲಕ ತನ್ನ ಸಂಪಾದನೆಯ ಮೂರನೇ ಒಂದು ಭಾಗ ಬಿಟ್ಟುಕೊಡಬೇಕು. ಯಾರೂ ಬೆತ್ತ ಹಿಡಿದು ನಿಂತು ಹನ್ನೆರಡು ಗಂಟೆ ಓಡಿಸು ಎನ್ನಬೇಕಾಗಿಲ್ಲ. ಕೂಲಿಯ ಲೆಕ್ಕವೇ ಆ ಕೆಲಸ ಮಾಡುತ್ತದೆ.

ಎಂಟು ಗಂಟೆ ಎಂಬುದು ಎಲ್ಲಿಂದಲೋ ತಂದ ಆದರ್ಶವಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದು ಹತ್ತು ಗಂಟೆಗೆ, ವಾರಕ್ಕೆ 54ಕ್ಕೆ ಏರಿಸಬಹುದಿತ್ತು. ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಎಂದೂ ಅದು ಹೇಳಿತ್ತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಚಾಲಕರ ದುಡಿಮೆಯ ಅವಧಿಯನ್ನು ಇದೇ ಕಾಯ್ದೆಗೆ ಗಂಟು ಹಾಕಿತು. ಆರು ದಶಕಗಳಷ್ಟು ಹಳೆಯ ಈ ಮಿತಿ ಹೆದ್ದಾರಿಯಲ್ಲಿ ಎಲ್ಲೂ ಕಾಣದಿದ್ದರೆ, ಅದಕ್ಕೆ ಚಾಲಕರ ಅಜ್ಞಾನಕ್ಕಿಂತ ದೊಡ್ಡ ಕಾರಣ, ಮಿತಿಯೊಳಗೆ ದುಡಿದರೆ ಹೊಟ್ಟೆ ತುಂಬದಂತೆ ಕೂಲಿಯನ್ನು ಕಟ್ಟಿರುವುದು.

ಈಗ ಒಂದು ಲೆಕ್ಕ ಹಾಕೋಣ. ಬಾಟಾ ಎಲ್ಲ ಸೇರಿ ಚಾಲಕನೊಬ್ಬನ ಕೈಗೆ ತಿಂಗಳಿಗೆ 25,000 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳಿ. ಅವನು ತಿಂಗಳಲ್ಲಿ 26 ದಿನ, ದಿನಕ್ಕೆ 12 ಗಂಟೆ ಓಡಿಸುತ್ತಾನೆ. ಒಟ್ಟು 312 ಗಂಟೆ. ಇದರಲ್ಲಿ 208 ಗಂಟೆ ದಿನಕ್ಕೆ ಎಂಟರಂತೆ ಬರುವ ಮಾಮೂಲಿ ದುಡಿಮೆ, ಉಳಿದ 104 ಗಂಟೆ ಹೆಚ್ಚುವರಿ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಎಂಬ ನಿಯಮದಂತೆ ಆ 104 ಗಂಟೆ 208ಕ್ಕೆ ಸಮ. ಎಂದರೆ ಅವನಿಗೆ 416 ಗಂಟೆಯ ಕೂಲಿ ಸಲ್ಲಬೇಕು. 25,000ವನ್ನು 416ರಿಂದ ಭಾಗಿಸಿದರೆ ಗಂಟೆಗೆ 60 ರೂಪಾಯಿ. ಎಂಟು ಗಂಟೆಯ ದಿನಕ್ಕೆ 480, ತಿಂಗಳಿಗೆ ಹನ್ನೆರಡೂವರೆ ಸಾವಿರ. ಇಪ್ಪತ್ತೈದು ಸಾವಿರ ಎಂದು ಕಿವಿಗೆ ಬಿದ್ದದ್ದು ಕಾಯ್ದೆಯ ತಕ್ಕಡಿಯಲ್ಲಿ ಅರ್ಧಕ್ಕೆ ಇಳಿಯಿತು. ಲೋಡಿಂಗ್‌ನಲ್ಲಿ ಕಾದದ್ದು, ಟಾರ್ಪಾಲು ಬಿಗಿದದ್ದು, ರಾತ್ರಿ ಕಾವಲಿದ್ದದ್ದು ಇದರಲ್ಲಿ ಇನ್ನೂ ಸೇರಿಲ್ಲ. ದಿನಕ್ಕೆ ಎರಡೇ ಗಂಟೆ ಅಂಥ ಕೆಲಸ ಎಂದು ಹಿಡಿದರೂ ಗಂಟೆಯ ದರ 50ರ ಕೆಳಗೆ ಹೋಗುತ್ತದೆ. ಮೊತ್ತವನ್ನು ಬದಲಿಸಿ ನೋಡಿ, ಕಡಿಮೆ ಮಾಡಿ ಅಥವಾ ಹೆಚ್ಚು ಮಾಡಿ. ದಿನಕ್ಕೆ 12 ಗಂಟೆ ಇರುವವರೆಗೆ ಕಾಯ್ದೆಯ ಲೆಕ್ಕದಲ್ಲಿ ಕೈಗೆ ಬಂದದ್ದು ಅರ್ಧವೇ ಆಗುತ್ತದೆ.

ನ್ಯಾಯವೆಂದರೆ ಎಷ್ಟು?

ನ್ಯಾಯಯುತ ಕೂಲಿ ಎಂಬುದನ್ನು ಅಳೆಯಲು ನಮ್ಮಲ್ಲಿ ಅಳತೆಗೋಲು ಇಲ್ಲದಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕೇಂದ್ರ ಸರ್ಕಾರ ನೇಮಿಸಿದ ನ್ಯಾಯಯುತ ವೇತನ ಸಮಿತಿ ಮೂರು ಮೆಟ್ಟಿಲು ಗುರುತಿಸಿತು. ಕೆಳಗಿನದು ಕನಿಷ್ಠ ವೇತನ, ಮೇಲಿನದು ನೆಮ್ಮದಿಯಾಗಿ ಬದುಕುವಷ್ಟರ ಜೀವನ ವೇತನ, ನಡುವಿನದು ನ್ಯಾಯಯುತ ವೇತನ. ಉದ್ಯಮಕ್ಕೆ ಕೊಡುವ ಶಕ್ತಿ ಎಷ್ಟಿದೆ, ದುಡಿಮೆಯ ಉತ್ಪಾದಕತೆ ಎಷ್ಟು, ಅಂಥದೇ ಕೆಲಸಕ್ಕೆ ಸುತ್ತಮುತ್ತ ಎಷ್ಟು ಸಿಗುತ್ತದೆ ಎಂಬುದನ್ನು ನೋಡಿ ನಡುವಿನ ಮೆಟ್ಟಿಲನ್ನು ನಿರ್ಧರಿಸಬೇಕು ಎಂದಿತು. ಕೆಳಗಿನ ಮೆಟ್ಟಿಲಿಗಿಂತ ಇಳಿಯಲು ಮಾತ್ರ ಯಾವ ನೆಪವೂ ಸಲ್ಲದು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮ ಎಂದು ಹೇಳಿತು. ಹಸಿವು, ಬಡತನಗಳ ಒತ್ತಾಯವೂ ಒತ್ತಾಯವೇ ಎಂಬುದು ಆ ತೀರ್ಪಿನ ತಿರುಳು. ಟ್ರಿಪ್ ಲೆಕ್ಕದವರಿಗೆ ಇದು ಅನ್ವಯಿಸುವುದಿಲ್ಲ ಎನ್ನುವಂತಿಲ್ಲ. ಮಾಡಿದ ಕೆಲಸದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೂ ಸಮಯದ ಲೆಕ್ಕದ ಕನಿಷ್ಠ ಕೂಲಿಗಿಂತ ಕಡಿಮೆಯಾಗಕೂಡದು ಎಂಬ ತತ್ವ ನಮ್ಮ ವೇತನ ಕಾನೂನಿನಲ್ಲಿ ಮೊದಲಿನಿಂದ ಇದೆ, 2019ರ ವೇತನ ಸಂಹಿತೆಯಲ್ಲೂ ಮುಂದುವರಿದಿದೆ.

ಈ ತತ್ವ ಲಾರಿಯ ಕ್ಯಾಬಿನ್ನಿನವರೆಗೆ ತಲುಪದಿರುವುದು ಆಕಸ್ಮಿಕವೇನೂ ಅಲ್ಲ. 1961ರ ಕಾಯ್ದೆ ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ನಮ್ಮ ದೇಶದಲ್ಲಿ ಲಾರಿ ಮಾಲೀಕರ ಪೈಕಿ ಬಹುಪಾಲು ಮಂದಿ ಒಂದೋ ಎರಡೋ ಲಾರಿ ಇಟ್ಟುಕೊಂಡವರು. ಹಾಗಾಗಿ ಕಾಯ್ದೆಯ ಕಣ್ಣು ತಪ್ಪಿಸಲು ಏನೂ ಮಾಡಬೇಕಾಗಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಗೆರೆಯನ್ನು ಐದರಿಂದ ಹತ್ತಕ್ಕೆ ಏರಿಸಿದೆ. ಇನ್ನೂ ಎರಡು ನಿರ್ಧಾರಗಳನ್ನು ಇದರ ಜೊತೆಗಿಟ್ಟು ನೋಡಬೇಕು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರು ಇರಬೇಕೆಂಬ ನಿಯಮವನ್ನು ಕೇಂದ್ರ 2018ರಲ್ಲಿ ಕೈಬಿಟ್ಟಿತು. ಅದೇ ವರ್ಷ ಲಾರಿಗಳು ಹೊರಬಹುದಾದ ತೂಕದ ಮಿತಿಯೂ ಏರಿತು; ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್ ಆಯಿತು. ಹೊರೆ ಹೆಚ್ಚಾಯಿತು, ಹೊರುವ ಕೈ ಕಡಿಮೆಯಾಯಿತು. ಕ್ಲೀನರ್ ಎಂಬ ಎರಡನೆಯ ಆಳೂ ಹಲವು ಲಾರಿಗಳಿಂದ ಆಗಲೇ ಮರೆಯಾಗಿದ್ದ. ಅವನು ಮಾಡುತ್ತಿದ್ದ ಕೆಲಸ ಮಾತ್ರ ಮರೆಯಾಗಲಿಲ್ಲ. ಅದು ಚಾಲಕನ ತಲೆಗೆ ಬಂತು.

ಹೊಣೆ ಹೊರಿಸುವಾಗ ಸರ್ಕಾರದ ಕಣ್ಣಿಗೆ ಈ ಮನುಷ್ಯ ಬಹಳ ದೊಡ್ಡವನಾಗಿ ಕಾಣುತ್ತಾನೆ. ಅಜಾಗರೂಕ ಚಾಲನೆಯಿಂದ ಸಾವಿಗೆ ಕಾರಣನಾಗಿ ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ತಿಳಿಸದೆ ಪರಾರಿಯಾದವನಿಗೆ ಹತ್ತು ವರ್ಷದವರೆಗೆ ಜೈಲು ಎಂದು 2023ರ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್ ಹೇಳಿತು. ನಿರ್ಲಕ್ಷ್ಯದ ಸಾವಿಗೆ ಹಳೆಯ ದಂಡ ಸಂಹಿತೆಯಲ್ಲಿ ಇದ್ದದ್ದು ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಚಾಲಕರು ಸ್ಟೀರಿಂಗ್ ಬಿಟ್ಟು ಇಳಿದರು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಸೆಕ್ಷನ್ ಒಂದನ್ನು ಬದಿಗಿರಿಸಲಾಯಿತು. ರಸ್ತೆಯಲ್ಲಿ ಸಾಯುವವರ ಜೀವದ ಮಾತು ಬಂದಾಗ ಕಠಿಣ ಶಿಕ್ಷೆ ಬೇಡ ಎಂದು ವಾದಿಸುವುದು ಕಷ್ಟ. ಆದರೆ ಹತ್ತು ವರ್ಷದ ಶಿಕ್ಷೆಗೆ ಯೋಗ್ಯವಾಗುವಷ್ಟು ಗುರುತರವಾದ ಹೊಣೆ ಒಂದು ಕೆಲಸದಲ್ಲಿ ಇದ್ದರೆ, ಆ ಕೆಲಸ ಮಾಡುವವನ ನಿದ್ದೆಗೂ ಕೂಲಿಗೂ ಅಷ್ಟೇ ಗುರುತರವಾದ ಖಾತರಿ ಇರಬೇಕು. ತಪ್ಪು ಮಾಡಿದಾಗ ಮಾತ್ರ ನುರಿತ ವೃತ್ತಿಪರ, ಸಂಬಳದ ದಿನ ಬರೀ ಕೂಲಿಯಾಳು ಎಂಬ ಲೆಕ್ಕ ಎರಡು ಕಡೆ ತೂಗುವುದಿಲ್ಲ.

ಮಾಲೀಕನ ಅಳಲು, ಮಾರುಕಟ್ಟೆಯ ವಾದ

ಇದಕ್ಕೆ ಬರುವ ಮೊದಲ ಆಕ್ಷೇಪ ಮಾಲೀಕರದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಡೀಸೆಲ್, ಟೋಲ್, ಟೈರು, ವಿಮೆ, ತೆರಿಗೆ, ಫೈನಾನ್ಸ್ ಕಂತು ಎಲ್ಲ ಕಳೆದರೆ ಒಂದೆರಡು ಲಾರಿಯವನಿಗೆ ಉಳಿಯುವುದು ಅಷ್ಟಕ್ಕಷ್ಟೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆ ಹೆಚ್ಚಿಸಿದ್ದರಿಂದ ಬೆಲೆ ಲೀಟರಿಗೆ ಎರಡು ರೂಪಾಯಿ ಏರಿದಾಗ ಕರ್ನಾಟಕದ ಲಾರಿ ಮಾಲೀಕರು ಮುಷ್ಕರ ಹೂಡಿದ್ದರು. ಪಡಿತರ ಸಾಗಿಸಿದ ಬಾಡಿಗೆಯನ್ನು ಸರ್ಕಾರ ಬಾಕಿ ಉಳಿಸಿಕೊಂಡಿದ್ದಕ್ಕಾಗಿ ಅದೇ ವರ್ಷ ಜುಲೈಯಲ್ಲಿ ಮತ್ತೆ ಲಾರಿ ನಿಲ್ಲಿಸಿದರು. ಇಂಥ ಮಾಲೀಕನ ಜೇಬಿನಿಂದಲೇ ಚಾಲಕನಿಗೆ ಹೆಚ್ಚು ಕೊಡಿಸುತ್ತೇವೆ ಎಂದರೆ ಅಂಗಡಿ ಮುಚ್ಚಿ ಹೋಗುತ್ತಾನೆ. ಆದರೆ ಈ ವಾದ ಚಾಲಕನ ಕೂಲಿ ನ್ಯಾಯವಾಗಿದೆ ಎಂದು ಸಾಧಿಸುವುದಿಲ್ಲ. ಕೊಡಬೇಕಾದವನು ಸರಪಳಿಯಲ್ಲಿ ಇನ್ನೂ ಮೇಲಿದ್ದಾನೆ ಎಂದಷ್ಟೇ ಹೇಳುತ್ತದೆ. ಬಾಡಿಗೆ ನಿಗದಿಯಾಗುವುದು ಸರಕು ಕಳಿಸುವ ಕಂಪನಿ, ದೊಡ್ಡ ಟ್ರಾನ್ಸ್‌ಪೋರ್ಟರ್, ಬ್ರೋಕರ್ ಇವರ ನಡುವೆ. ಲಾರಿ ಮಾಲೀಕರು ಹಲವರು, ಲೋಡ್ ಕೊಡುವವರು ಕೆಲವರು. ಒಬ್ಬ ಒಲ್ಲೆನೆಂದ ದರಕ್ಕೆ ಪಕ್ಕದವನು ಒಪ್ಪುತ್ತಾನೆ. ಆ ಪೈಪೋಟಿಯಲ್ಲಿ ಡೀಸೆಲ್ ಬೆಲೆಯನ್ನು ಇಳಿಸುವಂತಿಲ್ಲ, ಟೋಲ್ ಬಿಡುವಂತಿಲ್ಲ, ಕಂತು ತಪ್ಪಿಸುವಂತಿಲ್ಲ. ಹಿಂಡಿದರೆ ಹಿಂಡಿಸಿಕೊಳ್ಳುವ ಬಾಬ್ತು ಉಳಿಯುವುದು ಒಂದೇ, ಚಾಲಕನ ಬಾಬ್ತು.

ಮೇಲಿನವರು ಕೊಟ್ಟರೆ ಸಾಮಾನಿನ ಬೆಲೆ ಏರಿ ಗ್ರಾಹಕನಿಗೆ ಹೊರೆಯಾಗುವುದಿಲ್ಲವೇ? ಎಷ್ಟು ಹೊರೆ ಎಂದು ನೋಡೋಣ. ಬೆಂಗಳೂರಿನಿಂದ ಮುಂಬೈಗೆ ಸುಮಾರು 980 ಕಿ.ಮೀ. ಲೀಟರಿಗೆ ನಾಲ್ಕು ಕಿ.ಮೀ. ಮೈಲೇಜ್ ಎಂದು ಹಿಡಿದರೆ 245 ಲೀಟರ್ ಡೀಸೆಲ್. ಲೀಟರಿಗೆ 91 ರೂಪಾಯಿ ಎಂದಿಟ್ಟುಕೊಂಡರೆ ಅದೇ 22 ಸಾವಿರ ರೂಪಾಯಿ ದಾಟುತ್ತದೆ. ಈ ಟ್ರಿಪ್ಪಿನಲ್ಲಿ ಚಾಲಕನಿಗೆ ಈಗ ಸಿಗುವುದಕ್ಕಿಂತ ಎರಡು ಸಾವಿರ ರೂಪಾಯಿ ಹೆಚ್ಚು ಕೊಟ್ಟರು ಎನ್ನೋಣ. ಲಾರಿಯಲ್ಲಿ 20 ಟನ್ ಈರುಳ್ಳಿ ಇದ್ದರೆ ಹೆಚ್ಚುವರಿ ಖರ್ಚು ಕಿಲೋಗೆ ಹತ್ತು ಪೈಸೆ. ಈರುಳ್ಳಿಯ ಬೆಲೆ ಮಂಡಿಯಲ್ಲಿ ಬೆಳಗಿನಿಂದ ಸಂಜೆಯೊಳಗೆ ಇದಕ್ಕಿಂತ ಎಷ್ಟೋ ಪಟ್ಟು ಏರಿಳಿಯುತ್ತದೆ. ಸಿಮೆಂಟು ಚೀಲವೊಂದಕ್ಕೆ ಐದು ರೂಪಾಯಿ ಬೀಳುತ್ತದೆ. ಇದನ್ನು ತಾಳಲಾರದಷ್ಟು ಬಡವಾಗಿಲ್ಲ ನಮ್ಮ ಮಾರುಕಟ್ಟೆ. ಒಬ್ಬ ಮಾಲೀಕ ತಾನೊಬ್ಬನೇ ಕೊಡಲು ಹೋದರೆ ಲೋಡ್ ಕಳೆದುಕೊಳ್ಳುತ್ತಾನೆ ಎಂಬುದು ನಿಜ. ಎಲ್ಲರೂ ಒಟ್ಟಿಗೆ ಕೊಡುವಂತೆ ನೆಲಮಟ್ಟದ ದರ ಇರಬೇಕು ಎನ್ನುವುದು ಅದಕ್ಕಾಗಿಯೇ.

ಎರಡನೆಯ ವಾದ ಮಾರುಕಟ್ಟೆಯದು. ಇಷ್ಟವಿದ್ದವರು ಓಡಿಸುತ್ತಾರೆ, ಇಲ್ಲದವರು ಬಿಡುತ್ತಾರೆ. ಚಾಲಕರು ಕಡಿಮೆಯಾದರೆ ಕೂಲಿ ತಾನಾಗಿ ಏರುತ್ತದೆ ಎಂಬುದು ಇದರ ಧಾಟಿ. ಚಾಲಕರು ಸಿಗುತ್ತಿಲ್ಲ ಎಂಬ ಕೂಗು ಸಾಗಣೆ ವಲಯದಲ್ಲಿ ವರ್ಷಗಳಿಂದ ಇದೆ. ಮೇಲೆ ಹೇಳಿದ ಸೇವ್‌ಲೈಫ್ ವರದಿಯಲ್ಲೇ ಶೇ 84ರಷ್ಟು ಚಾಲಕರು ತಮ್ಮ ಮನೆಯವರು, ನೆಂಟರಿಷ್ಟರು ಈ ಕೆಲಸಕ್ಕೆ ಬರಲಿ ಎಂದು ಹೇಳುವುದಿಲ್ಲ ಎಂದಿದ್ದರು. ಆದರೂ ಕೂಲಿ ಗಂಟೆಯ ಲೆಕ್ಕಕ್ಕೆ ಬರಲಿಲ್ಲ. ಒಂದು ಕಾರಣ, ಕೊರತೆಯನ್ನು ಕೂಲಿ ಏರಿಸಿ ತುಂಬುವ ಬದಲು ಗಂಟೆ ಏರಿಸಿ ತುಂಬಲಾಗುತ್ತದೆ. ಇಬ್ಬರ ಕೆಲಸವನ್ನು ಒಬ್ಬ ಮಾಡಿದರೆ ಕೊರತೆ ಮುಚ್ಚಿಹೋಗುತ್ತದೆ. ಇನ್ನೊಂದು, ಸರ್ಕಾರವೂ ಬಾಗಿಲು ಅಗಲ ಮಾಡುವ ದಾರಿಯನ್ನೇ ಹಿಡಿಯಿತು. ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಓದಿರಬೇಕೆಂಬ ಷರತ್ತು ತೆಗೆದುಹಾಕಲು 2019ರಲ್ಲಿ ನಿರ್ಧರಿಸಿದಾಗ ಕೊಟ್ಟ ಕಾರಣಗಳಲ್ಲಿ ಚಾಲಕರ ಕೊರತೆಯೂ ಇತ್ತು. ಓದಿಲ್ಲದವನಿಗೆ ಕೆಲಸದ ದಾರಿ ತೆರೆದದ್ದು ಒಳ್ಳೆಯದೇ. ಆದರೆ ಬೇಡಿಕೆ ಹೆಚ್ಚಿದಾಗ ಬೆಲೆ ಏರಬೇಕು ಎಂಬ ಮಾರುಕಟ್ಟೆಯ ನಿಯಮ ಚಾಲಕನ ಸರದಿ ಬಂದಾಗ ಕೆಲಸ ಮಾಡಲು ಬಿಡಲಿಲ್ಲ ಎಂಬುದೂ ಅಷ್ಟೇ ನಿಜ. ಮೊದಲೇ ಕೈಸಾಲ, ಅಡ್ವಾನ್ಸ್ ತೆಗೆದುಕೊಂಡು ಒಬ್ಬನೇ ಮಾಲೀಕನಿಗೆ ಕಟ್ಟುಬಿದ್ದವನಿಗೆ ಕೆಲಸ ಬಿಡುವ ಸ್ವಾತಂತ್ರ್ಯವೂ ಕಾಗದದ ಮೇಲಿನದೇ.

ಮೂರನೆಯದು ಪಿಸುಮಾತಿನಲ್ಲಿ ಬರುವ ಆಕ್ಷೇಪ: ಲಾರಿಯವರಿಗೆ ಮೇಲ್ಸಂಪಾದನೆ ಇದೆಯಲ್ಲ ಎಂಬುದು. ದಾರಿಯಲ್ಲಿ ಜನ ಹತ್ತಿಸಿಕೊಳ್ಳುತ್ತಾರೆ, ಡೀಸೆಲ್‌ನಲ್ಲಿ ಉಳಿಸುತ್ತಾರೆ, ಖರ್ಚಿನ ಲೆಕ್ಕದಲ್ಲಿ ನಾಲ್ಕು ಕಾಸು ಹೆಚ್ಚು ಬರೆಯುತ್ತಾರೆ ಎಂದು. ಹಾಗೆ ಮಾಡುವವರು ಇಲ್ಲವೆನ್ನಲಾಗದು. ಆದರೆ ಕೂಲಿ ಗೊತ್ತುಮಾಡುವವನು ಈ ಸಂಪಾದನೆಯನ್ನು ಮನಸ್ಸಿನಲ್ಲೇ ಕಳೆದು ಕಡಿಮೆ ದರ ಹೇಳಿದರೆ, ಕಳ್ಳತನವನ್ನು ಸಂಬಳದ ಭಾಗವನ್ನಾಗಿ ಮಾಡಿದಂತಾಯಿತು. ಸಿಕ್ಕಿಬಿದ್ದ ದಿನ ಹೊಣೆ ಮಾತ್ರ ಪೂರ್ತಿ ಚಾಲಕನದು. ಸರಕಿನ ಲಾರಿಯಲ್ಲಿ ಜನರನ್ನು ಹತ್ತಿಸಿಕೊಳ್ಳುವುದು ಅವರ ಜೀವಕ್ಕೂ ಕುತ್ತು. ಇನ್ನು ಪ್ರಾಮಾಣಿಕ ಚಾಲಕನಿಗೆ ಈ ಲೆಕ್ಕ ನೇರ ಶಿಕ್ಷೆ. ಕದಿಯದೇ ಇದ್ದುದಕ್ಕೆ ಅವನು ದಂಡ ಕಟ್ಟುತ್ತಾನೆ. ದಾರಿ ಖರ್ಚಿನಲ್ಲಿ ಉಳಿಸುವುದು ಎಂಬುದರ ಅರ್ಥವೂ ಹೆಚ್ಚಿನ ಸಲ ಊಟ ಬಿಡುವುದು ಅಥವಾ ರೂಮು ಮಾಡದೆ ಕ್ಯಾಬಿನ್ನಿನಲ್ಲಿ ಮಲಗುವುದು. ಅದು ಸಂಪಾದನೆಯಾಗಲಾರದು. ಪೊಲೀಸರು, ಆರ್‌ಟಿಒ, ಗೋದಾಮಿನವರು ಕೇಳುವ ಮಾಮೂಲಿನ ಒಂದು ಭಾಗವೂ ಅದೇ ಗಂಟಿನಿಂದ ಹೋಗುತ್ತದೆ ಎಂಬುದನ್ನು ಮೇಲ್ಸಂಪಾದನೆಯ ಮಾತಾಡುವವರು ಮರೆಯುತ್ತಾರೆ.

ಇದಕ್ಕಿಂತ ಕಡಿಮೆ ಪಡೆಯುವ ಕೆಲಸಗಾರರು ಎಷ್ಟೋ ಮಂದಿ ಇದ್ದಾರೆ ಎಂಬ ಮಾತೂ ಇದೆ. ಹೌದು, ಇದ್ದಾರೆ, ಅವರ ಕೂಲಿಯೂ ಏರಬೇಕು. ಆದರೆ ಸರಿಯಾದ ಹೋಲಿಕೆ ಅಂಥದೇ ಕೆಲಸದ ಜೊತೆ ಇರಬೇಕು. ಅದೇ ಹೆದ್ದಾರಿಯಲ್ಲಿ, ಅದೇ ಭಾರಿ ವಾಹನದ ಲೈಸೆನ್ಸ್ ಹಿಡಿದು ಕೆಎಸ್‌ಆರ್‌ಟಿಸಿ ಬಸ್ ಓಡಿಸುವ ಚಾಲಕನಿಗೆ ಡ್ಯೂಟಿಯ ಶೆಡ್ಯೂಲ್ ಇದೆ, ವಾರದ ರಜೆ, ಭವಿಷ್ಯ ನಿಧಿ, ಗ್ರಾಚ್ಯುಟಿ ಇವೆ. ರಾತ್ರಿಯ ದೂರದ ಬಸ್ಸುಗಳಲ್ಲಿ ಇಬ್ಬರು ಸರದಿಯ ಮೇಲೆ ಓಡಿಸುವ ಪದ್ಧತಿ ಇದೆ. ಬಾಕಿ ವೇತನಕ್ಕಾಗಿ 2025ರ ಆಗಸ್ಟ್‌ನಲ್ಲಿ ಸಾರಿಗೆ ನೌಕರರು ಮುಷ್ಕರ ಮಾಡಿದ್ದನ್ನು ನೆನೆದರೆ ಅವರ ಬದುಕೂ ಹೂವಿನ ಹಾಸಿಗೆಯಲ್ಲ. ಆದರೂ ಅವರ ತಕರಾರಿಗೆ ಒಂದು ಮೇಜಿದೆ, ಎದುರು ಕೂರುವ ಆಡಳಿತವಿದೆ, ಬಾಕಿ ಇಷ್ಟು ಎಂದು ತೋರಿಸುವ ಲೆಕ್ಕವಿದೆ. ನೇಮಕಾತಿ ಪತ್ರವೇ ಇಲ್ಲದ ಲಾರಿ ಚಾಲಕ ಬಾಕಿ ಇದೆ ಎಂದು ಯಾವ ಕಾಗದ ಹಿಡಿದು ಯಾರ ಮುಂದೆ ನಿಲ್ಲಬೇಕು? ಜನರನ್ನು ಹೊರುವವನಿಗೆ ನಿದ್ದೆ ಬೇಕು, ಸಿಮೆಂಟು ಹೊರುವವನಿಗೆ ಬೇಡ ಎನ್ನಲಾಗದು, ರಸ್ತೆ ಅವರಿಬ್ಬರಿಗೂ ಒಂದೇ.

ರಸ್ತೆಯ ಮೇಲಿನ ಎಲ್ಲರ ಪ್ರಶ್ನೆ

ಕೂಲಿಗೂ ಅಪಘಾತಕ್ಕೂ ಇರುವ ನಂಟು ಬೇರೆ ದೇಶಗಳಲ್ಲಿ ಪರೀಕ್ಷೆಗೆ ಒಳಗಾಗಿದೆ. ಐರೋಪ್ಯ ಒಕ್ಕೂಟದ 2006ರ ನಿಯಮ ದಿನಕ್ಕೆ ಒಂಬತ್ತು ಗಂಟೆಯ ಚಾಲನೆ, ನಾಲ್ಕೂವರೆ ಗಂಟೆಗೆ 45 ನಿಮಿಷದ ವಿರಾಮ ಎಂದು ಗೆರೆ ಹಾಕಿರುವುದಲ್ಲದೆ, ರಸ್ತೆ ಸುರಕ್ಷತೆಗೆ ಕುತ್ತು ತರುವಂತೆ ದೂರ ಅಥವಾ ಸಾಗಿಸಿದ ಸರಕಿನ ಪ್ರಮಾಣಕ್ಕೆ ಕೂಲಿಯನ್ನು ಕಟ್ಟಬಾರದು ಎಂದೂ ಹೇಳುತ್ತದೆ. ಅಮೆರಿಕದಲ್ಲಿ 1938ರ ಕಾರ್ಮಿಕ ಕಾನೂನು ಅಂತರರಾಜ್ಯ ಲಾರಿ ಚಾಲಕರನ್ನು ಓವರ್‌ಟೈಮ್ ಹಕ್ಕಿನಿಂದ ಹೊರಗಿಟ್ಟಿತು, ಮೈಲಿ ಲೆಕ್ಕದ ಕೂಲಿಯೇ ರೂಢಿಯಾಯಿತು. ಅಲ್ಲಿ ತಾನೇ ಒಮ್ಮೆ ಲಾರಿ ಓಡಿಸಿದ್ದ ಅರ್ಥಶಾಸ್ತ್ರಜ್ಞ ಮೈಕೆಲ್ ಬೆಲ್ಜರ್ ಮತ್ತು ಜೊತೆಗಾರರು ದೊಡ್ಡ ಸಾಗಣೆ ಕಂಪನಿಯಾದ ಜೆ.ಬಿ. ಹಂಟ್‌ನ ದಾಖಲೆಗಳನ್ನು ಅಧ್ಯಯನ ಮಾಡಿದರು. ಆ ಕಂಪನಿ 1997ರಲ್ಲಿ ಚಾಲಕರ ಕೂಲಿಯನ್ನು ಸರಾಸರಿ ಶೇ 39ರಷ್ಟು ಏರಿಸಿತ್ತು. ಆಮೇಲೆ ಕೆಲಸ ಬಿಟ್ಟುಹೋಗುವವರೂ ಕಡಿಮೆಯಾದರು, ಅಪಘಾತಗಳೂ ಗಣನೀಯವಾಗಿ ಇಳಿದವು. ದಕ್ಷಿಣ ಕೊರಿಯಾ 2020ರಿಂದ 2022ರವರೆಗೆ ಕಂಟೇನರ್ ಮತ್ತು ಸಿಮೆಂಟ್ ಸಾಗಣೆಗೆ ಕನಿಷ್ಠ ಬಾಡಿಗೆ ನಿಗದಿ ಮಾಡಿ, ಕಡಿಮೆ ಕೊಟ್ಟ ಸರಕುದಾರರಿಗೆ ದಂಡ ಇಟ್ಟಿತ್ತು. ಆ ಅವಧಿ ಮುಗಿಯುವಾಗ ಅದನ್ನು ಉಳಿಸಿಕೊಳ್ಳಲು ಅಲ್ಲಿನ ಚಾಲಕರು ಒಂದೇ ವರ್ಷದಲ್ಲಿ ಎರಡು ಸಲ ಮುಷ್ಕರ ಹೂಡಿದರು. ಭಾರತದ ರಸ್ತೆಗಳಲ್ಲಿ 2022ರಲ್ಲಿ 1,68,491 ಮಂದಿ ಸತ್ತರು. ಅವರೆಲ್ಲರ ಸಾವಿಗೆ ಲಾರಿ ಕಾರಣವಲ್ಲ, ಲಾರಿ ಅಪಘಾತಗಳೆಲ್ಲಕ್ಕೂ ದಣಿವೇ ಕಾರಣವೂ ಅಲ್ಲ. ಆದರೆ ತೂಕಡಿಸುವವನನ್ನು ಸ್ಟೀರಿಂಗ್ ಮುಂದೆ ಕೂರಿಸುವ ಕೂಲಿ ಪದ್ಧತಿಯನ್ನು ಹಾಗೇ ಬಿಟ್ಟು, ರಸ್ತೆ ಸುರಕ್ಷತಾ ಸಪ್ತಾಹ ಆಚರಿಸುವುದರಿಂದ ಬರುವ ಫಲ ಅಷ್ಟರಲ್ಲೇ ಇದೆ.

ಗಂಟೆಗಳನ್ನು ಎಣಿಸುವವರಾರು ಎಂಬ ಪ್ರಶ್ನೆ ಹಿಂದೆ ಕಷ್ಟದ್ದಾಗಿತ್ತು, ಈಗಿಲ್ಲ. 2021ರ ಫೆಬ್ರುವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಪ್ರತಿ ಟೋಲ್‌ನಲ್ಲಿ ಲಾರಿ ದಾಟಿದ ನಿಮಿಷವನ್ನು ಬರೆದಿಡುತ್ತದೆ. ಜಿಪಿಎಸ್ ಇರುವ ಲಾರಿ ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದು ಮಾಲೀಕನ ಮೊಬೈಲಿನಲ್ಲೇ ಕಾಣುತ್ತದೆ. ಚಾಲಕ ತಡಮಾಡಿದನೇ ಎಂದು ನೋಡಲು ಈ ಸಾಧನಗಳು ಸಾಲುತ್ತವೆಂದರೆ ಅವನು ಎಷ್ಟು ಗಂಟೆ ದುಡಿದ, ಎಷ್ಟು ಗಂಟೆ ಗೇಟಿನ ಮುಂದೆ ಕಾದ ಎಂದು ನೋಡಲೂ ಸಾಕು. ತಡವಾದರೆ ಸರಕು ಕೆಡುತ್ತದೆ, ಕಾನೂನು ಬಿಡುವುದಿಲ್ಲ ಎಂಬ ನೆಪವೂ ಪೂರ್ತಿ ನಿಲ್ಲದು. ಇ-ವೇ ಬಿಲ್ ನಿಯಮವೇ 200 ಕಿ.ಮೀ.ಗೆ ಒಂದು ದಿನದ ಅವಧಿ ಕೊಡುತ್ತದೆ. ಬೆಂಗಳೂರಿನಿಂದ ಮುಂಬೈಗೆ ಐದು ದಿನ ಸಿಗುತ್ತದೆ. ದಿನಕ್ಕೆ ಎಂಟು ಗಂಟೆ, 280 ಕಿ.ಮೀ. ಓಡಿಸಿದರೂ ನಾಲ್ಕನೇ ದಿನ ಲಾರಿ ಅಲ್ಲಿರುತ್ತದೆ. ಹೂವು, ಹಾಲು, ತರಕಾರಿಗೆ ಆತುರ ಬೇಕು ನಿಜ. ಅಂಥ ಲೋಡಿಗೆ ಇಬ್ಬರು ಚಾಲಕರ ಖರ್ಚನ್ನು ಬಾಡಿಗೆಯಲ್ಲಿ ಸೇರಿಸಬೇಕು. ಕಬ್ಬಿಣ, ಸಿಮೆಂಟು, ಟೈಲ್ಸ್ ಒಂದು ದಿನ ತಡವಾಗಿ ಬಂದರೆ ಕೊಳೆಯುವುದಿಲ್ಲ. ಗಂಟೆ ಲೆಕ್ಕದ ಕೂಲಿ ಕೊಟ್ಟರೆ ಚಾಲಕರು ಬೇಕೆಂದೇ ನಿಧಾನ ಮಾಡುತ್ತಾರೆ ಎಂಬ ಅನುಮಾನಕ್ಕೂ ಇದೇ ಉತ್ತರ. ದಾಖಲೆ ಎರಡೂ ಕಡೆಯವರ ಮೇಲೆ ಕಣ್ಣಿಡುತ್ತದೆ. ಗಂಟೆಯ ಕೂಲಿ ತಳಹದಿಯಾಗಿರಲಿ, ಅದರ ಮೇಲೆ ಟ್ರಿಪ್ಪಿಗೆ ಸಣ್ಣ ಬಾಟಾ ಇರಲಿ. ತಪ್ಪಿರುವುದು ಬಾಟಾದಲ್ಲಲ್ಲ, ಬಾಟಾವೇ ಹೊಟ್ಟೆಪಾಡಾಗಿರುವುದರಲ್ಲಿ.

ಸೌಲಭ್ಯಗಳ ವಿಷಯದಲ್ಲಿ ಏನೂ ಆಗಿಲ್ಲ ಎನ್ನಲಾಗದು. 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯವಾಗಿದೆ. ಹೆದ್ದಾರಿ ಬದಿಯಲ್ಲಿ ಸಾವಿರ ವಿಶ್ರಾಂತಿ ತಾಣಗಳ ಘೋಷಣೆ 2024ರಲ್ಲಿ ಬಂತು. ಕರ್ನಾಟಕ ಅದೇ ವರ್ಷ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಇವೆಲ್ಲ ಬೇಕಾದವೇ. ಆದರೆ ವಿಶ್ರಾಂತಿ ಕೋಣೆ ಕಟ್ಟಿದ ಮಾತ್ರಕ್ಕೆ ವಿಶ್ರಾಂತಿ ಸಿಗದು. ನಿಂತ ಗಂಟೆಗೆ ಕೂಲಿ ಇಲ್ಲದವನು ಆ ಕೋಣೆಯ ಮುಂದೆಯೇ ಲಾರಿ ಓಡಿಸಿಕೊಂಡು ಹೋಗುತ್ತಾನೆ. ಸತ್ತ ಮೇಲೆ ಬರುವ ಪರಿಹಾರ ಬದುಕಿದ್ದಾಗಿನ ಕೂಲಿಗೆ ಬದಲಾಗದು.

ಆಗಬೇಕಾದದ್ದನ್ನು ಪಟ್ಟಿ ಮಾಡಿದರೆ ಉದ್ದವಾಗುವುದಿಲ್ಲ. ಗಂಟೆಯ ಮಿತಿ ಮತ್ತು ಕನಿಷ್ಠ ಕೂಲಿ ಲಾರಿ ಒಂದಿರಲಿ ನೂರಿರಲಿ ಎಲ್ಲ ಚಾಲಕರಿಗೂ ಸಲ್ಲಬೇಕು. ಲೋಡಿಂಗ್, ಅನ್‌ಲೋಡಿಂಗ್‌ನಲ್ಲಿ ಗೊತ್ತಾದ ಹೊತ್ತು ಮೀರಿ ಕಾಯಿಸಿದವರು ಚಾಲಕನ ಪಾಲನ್ನು ಬೇರೆಯಾಗಿ, ಅವನ ಖಾತೆಗೇ ಕಟ್ಟಬೇಕು. ಕಾಯಿಸುವುದು ಪುಕ್ಕಟೆಯಾಗಿರುವವರೆಗೆ ಯಾವ ಗೋದಾಮೂ ಹಮಾಲರನ್ನು ಹೊತ್ತಿಗೆ ಸರಿಯಾಗಿ ಕರೆಸುವುದಿಲ್ಲ. ಅದಕ್ಕೊಂದು ಬೆಲೆ ಬಿದ್ದ ಮರುದಿನದಿಂದಲೇ ಸರದಿ ಚಿಕ್ಕದಾಗುತ್ತದೆ, ಆಗ ಮಾಲೀಕನ ಲಾರಿಯೂ ತಿಂಗಳಿಗೆ ಒಂದು ಟ್ರಿಪ್ ಹೆಚ್ಚು ಓಡುತ್ತದೆ. ಇದನ್ನು ಆರಂಭಿಸಲು ಹೊಸ ಕಾನೂನಿಗೆ ಕಾಯಬೇಕಾಗಿಯೂ ಇಲ್ಲ. ಪಡಿತರ ಅಕ್ಕಿ, ಗೊಬ್ಬರ, ಪಠ್ಯಪುಸ್ತಕ, ಮತಯಂತ್ರ ಎಲ್ಲವನ್ನೂ ಲಾರಿಯಲ್ಲೇ ಸಾಗಿಸುವ ಸರ್ಕಾರ ಈ ರಾಜ್ಯದ ದೊಡ್ಡ ಸರಕುದಾರರಲ್ಲಿ ಒಂದು. ತನ್ನ ಸಾಗಣೆ ಟೆಂಡರುಗಳಲ್ಲಿ ಚಾಲಕನ ಗಂಟೆಯ ಕೂಲಿ ಮತ್ತು ಕಾಯುವ ಕೂಲಿಯನ್ನು ಪ್ರತ್ಯೇಕ ಬಾಬ್ತಾಗಿ ಬರೆಯಬಹುದು, ಬಿಲ್ಲನ್ನು ತಿಂಗಳೊಳಗೆ ಪಾವತಿಸಬಹುದು. ಖಾಸಗಿಯವರಿಗೆ ನ್ಯಾಯ ಹೇಳುವ ಹಕ್ಕು ಆಮೇಲೆ ತಾನಾಗಿ ಬರುತ್ತದೆ. ದೂರದ ಲಾರಿ ಚಾಲಕರಿಗೆ ನ್ಯಾಯವಾದ ಕೂಲಿ ಸಿಗುತ್ತಿದೆಯೇ ಎಂಬ ಪ್ರಶ್ನೆಗೆ ಇವತ್ತಿನ ಉತ್ತರ ಇಲ್ಲ ಎಂಬುದೇ. ಆ ಉತ್ತರವನ್ನು ಬದಲಿಸಲು ತಗಲುವ ಖರ್ಚು ಈರುಳ್ಳಿಯ ಕಿಲೋಗೆ ಹತ್ತು ಪೈಸೆ.